ಕಂಡೆನ್ಸರ್ ಕೊಳವೆಗಳಲ್ಲಿ ಪದೇ ಪದೇ ಪೊರೆ: ಲೆಕ್ಕದ ಪ್ರಕಾರ ನೀರು ಸರಿಯಿದೆ, ಚಿಲ್ಲರ್ ಮಾತ್ರ ನಿಲ್ಲುತ್ತಿದೆ

ವೈಟ್‌ಫೀಲ್ಡ್ ಶಿಫ್ಟ್ ಉಸ್ತುವಾರಿ
ಏಪ್ರಿಲ್ 8, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೂರ್ವ ಭಾಗದ ಒಂದು ಕಚೇರಿ ಸಮುಚ್ಚಯದಲ್ಲಿ ಹವಾನಿಯಂತ್ರಣ ವಿಭಾಗವನ್ನು ನೋಡಿಕೊಳ್ಳುತ್ತೇನೆ. ನೀರು ತಣಿಸುವ ಯಂತ್ರಗಳಾದ, 300 ಟನ್ ತಂಪಿನ ಸಾಮರ್ಥ್ಯದ ಎರಡು ಚಿಲ್ಲರ್‌ಗಳಿವೆ. ಒಂದು ಓಡುತ್ತದೆ, ಇನ್ನೊಂದು ಬದಲಿಗೆ ಇರುತ್ತದೆ. ಚಿಲ್ಲರಿನ ಬಿಸಿಯನ್ನು ನೀರಿಗೆ ಬಿಡುವ ಭಾಗ ಕಂಡೆನ್ಸರ್, ಆ ನೀರನ್ನು ಗಾಳಿಗೊಡ್ಡಿ ತಣಿಸುವುದು ಕೂಲಿಂಗ್ ಟವರ್. ಇವೆರಡರ ನಡುವೆ ಗಂಟೆಗೆ 200 ಘನ ಮೀಟರ್ ನೀರು ಸುತ್ತುತ್ತದೆ. ದಿನಕ್ಕೆ ಸುಮಾರು 12 ಗಂಟೆ ಕೆಲಸ.

2024ರ ಬೇಸಿಗೆಯವರೆಗೆ ಟವರಿಗೆ ಕೊಳವೆಬಾವಿಯ ನೀರನ್ನು ಗಡಸುತನ ತೆಗೆಯುವ ಸಾಫ್ಟನರ್ ಮೂಲಕ ಕೊಡುತ್ತಿದ್ದೆವು. ಆ ಮಾರ್ಚಿನಲ್ಲಿ ನಮ್ಮ ಎರಡೂ ಬಾವಿಗಳು ಬತ್ತಿದವು. ಕುಡಿಯುವ ನೀರನ್ನು ತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿ 5,000 ರೂಪಾಯಿ ದಂಡ ಇಟ್ಟ ಕಾಲ ಅದು. ಆಗಿನಿಂದ ನಮ್ಮದೇ ಚರಂಡಿ ನೀರಿನ ಘಟಕವಾದ ಎಸ್‌ಟಿಪಿಯಲ್ಲಿ ಶುದ್ಧೀಕರಿಸಿದ ನೀರನ್ನು ಟವರಿಗೆ ಬಿಡುತ್ತಿದ್ದೇವೆ. ಸಾಫ್ಟನರ್ ಬೈಪಾಸಿನಲ್ಲಿದೆ.

ತೊಂದರೆ ಇದು. ಕಂಡೆನ್ಸರ್ ಕೊಳವೆಯ ಒಳಗೆ ಲವಣದ ಪದರ, ಅಂದರೆ ಪೊರೆ, ಕಟ್ಟುತ್ತಿರುವಂತಿದೆ. ಜನವರಿಯಲ್ಲಿ ಕಂಡೆನ್ಸರ್ ಸ್ವಚ್ಛಗೊಳಿಸಿದಾಗ ಅಪ್ರೋಚ್ (ಯಂತ್ರದೊಳಗಿನ ಶೀತಕ ದ್ರವವಾಗುವ ತಾಪಕ್ಕೂ ಕಂಡೆನ್ಸರಿನಿಂದ ಹೊರಬರುವ ನೀರಿನ ತಾಪಕ್ಕೂ ಇರುವ ಅಂತರ) 1.5 ಡಿಗ್ರಿ ಇತ್ತು. ಈಗ 4.8 ಡಿಗ್ರಿ. ನಿನ್ನೆ ಮಧ್ಯಾಹ್ನ ಎರಡೂವರೆಗೆ ಶೀತಕದ ಒತ್ತಡ ಮಿತಿ ಮೀರಿ, ಅಂದರೆ ಹೈ ಪ್ರೆಶರ್‌ನಲ್ಲಿ ಚಿಲ್ಲರ್ ನಿಂತಿತು. ರಾಸಾಯನಿಕ ಪೂರೈಸುವವರನ್ನು ಕೇಳಿದರೆ ಪ್ರತಿ ತಿಂಗಳ ವರದಿ ತೋರಿಸುತ್ತಾರೆ: ನೀರು ಪೊರೆ ಕಟ್ಟುವ ಒಲವನ್ನು ಹೇಳುವ ಲ್ಯಾಂಜಲಿಯರ್ ಸೂಚ್ಯಂಕ, ಅಂದರೆ ಎಲ್‌ಎಸ್‌ಐ 1.6, ನಮ್ಮ ಪೊರೆನಿರೋಧಕ 2.5ರವರೆಗೆ ತಡೆಯುತ್ತದೆ, ನೀರಿನಲ್ಲಿ ದೋಷವಿಲ್ಲ ಎನ್ನುತ್ತಾರೆ. ವರದಿಯ ಲೆಕ್ಕವನ್ನು ನಾನೂ ಮಾಡಿ ನೋಡಿದೆ, ಸರಿಯಾಗಿಯೇ ಇದೆ. ಹಾಗಾದರೆ ಕೊಳವೆಯಲ್ಲಿ ಕೂರುತ್ತಿರುವುದು ಏನು?

ಸೇಡಂ ಸುಣ್ಣಕಲ್ಲು
ಏಪ್ರಿಲ್ 9, ಬೆಳಿಗ್ಗೆ 7:05

ನಮಸ್ಕಾರ. ನಾನು ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ನೀರಿನ ವಿಭಾಗದಲ್ಲಿದ್ದೇನೆ. ನಮ್ಮ ನೆಲವೇ ಸುಣ್ಣಕಲ್ಲು. ಬಾವಿಯ ನೀರು ಬಟ್ಟೆ ಸೋಪಿಗೆ ನೊರೆ ಕೊಡುವುದಿಲ್ಲ. ಹದಿನೈದು ವರ್ಷ ಈ ಪೊರೆಯೊಂದಿಗೇ ಬದುಕಿದ್ದೇನೆ.

ಎಲ್‌ಎಸ್‌ಐ ಏನೇ ಹೇಳಲಿ, ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿಯಾದಷ್ಟೂ ಹೆಚ್ಚು ಕಟ್ಟುವ ಲವಣ. ಸಕ್ಕರೆ ಬಿಸಿನೀರಿನಲ್ಲಿ ಬೇಗ ಕರಗುತ್ತದೆ, ಇದು ತದ್ವಿರುದ್ಧ. ಆದ್ದರಿಂದಲೇ ಟವರಿನ ತಣ್ಣನೆಯ ತೊಟ್ಟಿಯಲ್ಲಿ ಕಾಣದೆ ಕಂಡೆನ್ಸರಿನ ಬಿಸಿ ಗೋಡೆಯ ಮೇಲೆ ಕೂರುತ್ತದೆ. ಒಂದು ಚಕ್ಕೆ ತೆಗೆದು ಅದರ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಡಿ. ಅದಿಲ್ಲದಿದ್ದರೆ ಅಡುಗೆಮನೆಯ ವಿನೆಗರ್ ಆದರೂ ಸಾಕು. ನೊರೆಯುಕ್ಕಿದರೆ ಕಾರ್ಬೊನೇಟ್ ಎಂದು ಖಚಿತ. ಸಾಫ್ಟನರ್ ಬೈಪಾಸ್ ಮಾಡಿದ್ದೇ ಮೂಲ ಎಂದು ನನಗೆ ಅನಿಸುತ್ತದೆ.

ವೈಟ್‌ಫೀಲ್ಡ್ ಶಿಫ್ಟ್ ಉಸ್ತುವಾರಿ
ಏಪ್ರಿಲ್ 9, ಮಧ್ಯಾಹ್ನ 1:40

ಧನ್ಯವಾದ ಸರ್. ಈಗಷ್ಟೇ ಮಾಡಿ ನೋಡಿದೆ. ಟವರಿನ ಪಕ್ಕದಲ್ಲಿ ಗಾಳಿ ಒಳಬರುವ ಪಟ್ಟಿಗಳ ಮೇಲೆ ಬಿಳಿ ಚಕ್ಕೆ ದಪ್ಪವಾಗಿ ಕಟ್ಟಿದೆ. ಆಮ್ಲ ಬಿಟ್ಟ ಕೂಡಲೇ ಸೊಂಯ್ ಎಂದು ನೊರೆ ಬಂತು. ಹಾಗಾದರೆ ಕಾರ್ಬೊನೇಟ್ ಎಂದಾಯಿತು. ಸಾಫ್ಟನರ್ ಮತ್ತೆ ಆರಂಭಿಸಲು ಮೇಲಿನವರಿಗೆ ಬರೆಯಲೇ?

ಚಿಲ್ಲರ್ ಸರ್ವಿಸ್, ಹುಬ್ಬಳ್ಳಿ
ಏಪ್ರಿಲ್ 9, ಸಂಜೆ 6:15

ದಯವಿಟ್ಟು ಇನ್ನೂ ಬರೆಯಬೇಡಿ. ನೀವು ಪರೀಕ್ಷಿಸಿದ್ದು ಕಂಡೆನ್ಸರಿನ ಪೊರೆಯನ್ನಲ್ಲ, ಟವರಿನ ಪಟ್ಟಿಯ ಪೊರೆಯನ್ನು. ಎರಡೂ ಒಂದೇ ಆಗಬೇಕಿಲ್ಲ. ಪಟ್ಟಿಯ ಮೇಲೆ ಹನಿ ಸಿಡಿಯುತ್ತದೆ, ಒಣಗುತ್ತದೆ, ಮತ್ತೆ ಸಿಡಿಯುತ್ತದೆ. ಅಲ್ಲಿ ನೀರು ಪೂರ್ತಿ ಆರಿಹೋಗಿ, ಅದರಲ್ಲಿದ್ದುದೆಲ್ಲ ಉಳಿಯುತ್ತದೆ. ಎಂಥ ಒಳ್ಳೆಯ ನೀರು ಬಿಟ್ಟರೂ ಆ ಜಾಗದಲ್ಲಿ ಬಿಳಿ ಕಟ್ಟಿಯೇ ಕಟ್ಟುತ್ತದೆ. ಕಂಡೆನ್ಸರ್ ಕೊಳವೆಯಲ್ಲಿ ನೀರು ಆರುವುದಿಲ್ಲ, ಬಿಸಿಯಾಗುತ್ತದೆ ಅಷ್ಟೇ.

ಅದಕ್ಕೂ ಮೊದಲು ಇದು ಪೊರೆಯೇ ಹೌದೇ ಎಂಬುದು ಖಚಿತವಾಗಬೇಕು. ಅಪ್ರೋಚ್ ಏರಲು ಬೇರೆ ಕಾರಣಗಳೂ ಇವೆ. ಕಂಡೆನ್ಸರಿಗೆ ಹೋಗುವ ನೀರು ಮತ್ತು ಬರುವ ನೀರಿನ ತಾಪದ ವ್ಯತ್ಯಾಸ ಎಷ್ಟಿದೆ? ಲೋಡ್ ಮೊದಲಿನಷ್ಟೇ ಇದ್ದು ಈ ವ್ಯತ್ಯಾಸ ಮಾತ್ರ ಹೆಚ್ಚಾಗಿದ್ದರೆ ನೀರಿನ ಹರಿವು ಕಡಿಮೆಯಾಗಿದೆ ಎಂದರ್ಥ. ಆಗ ಪಂಪಿನ ಕಸ ತಡೆಯುವ ಜಾಲರಿ, ಸ್ಟ್ರೈನರ್ ನೋಡಬೇಕು. ಶೀತಕದೊಳಗೆ ಗಾಳಿ ಸೇರಿದ್ದರೂ ಅಪ್ರೋಚ್ ಏರುತ್ತದೆ. ಹರಿವು ಸರಿಯಾಗಿದ್ದು ಗಾಳಿಯೂ ಇಲ್ಲವೆಂದರೆ ಮಾತ್ರ ಕೊಳವೆಯನ್ನು ಅನುಮಾನಿಸಿ. ನನ್ನ ಅನುಭವದಲ್ಲಿ ಪೊರೆ ಎಂದುಕೊಂಡು ಕವರ್ ಬಿಚ್ಚಿದ ಹತ್ತು ಯಂತ್ರಗಳಲ್ಲಿ ಎರಡು ಮೂರರಲ್ಲಿ ಕೊಳವೆ ಸ್ವಚ್ಛವಾಗಿಯೇ ಇತ್ತು.

ಹೇಗೂ ಬದಲಿ ಯಂತ್ರವಿದೆ. ಅದನ್ನು ಓಡಿಸಿ, ಇದರ ಎಂಡ್ ಕವರ್ ಬಿಚ್ಚಿ, ಕೊಳವೆಯ ಒಳಗಿನಿಂದಲೇ ಚಕ್ಕೆ ತೆಗೆಯಿರಿ. ನೀರು ಹೊರಗೆ ಹೋಗುವ ತುದಿಯಿಂದ ತೆಗೆಯಿರಿ, ಬಿಸಿ ಅಲ್ಲಿ ಹೆಚ್ಚು.

ಆನೇಕಲ್ ಫಿಟ್ಟರ್
ಏಪ್ರಿಲ್ 9, ರಾತ್ರಿ 9:30

ಇಷ್ಟೆಲ್ಲ ಏಕೆ ಎಂದು ನನಗೆ ಅನಿಸುತ್ತದೆ. ಪಿಎಚ್ ಇಳಿಸಲು ನಿಮ್ಮಲ್ಲಿ ಗಂಧಕಾಮ್ಲ ಇದ್ದೇ ಇರುತ್ತದೆ. ಅದನ್ನೇ ಸ್ವಲ್ಪ ಜಾಸ್ತಿ ಬಿಟ್ಟು ಒಂದು ರಾತ್ರಿ ಸುತ್ತಿಸಿದರೆ ಪೊರೆ ಕರಗುತ್ತದೆ. ಆಮೇಲೆ ಪೈಪಿಗೆ ಒಂದು ಕಾಂತೀಯ ಸಾಧನ ಹಾಕಿಸಿ, ರಾಸಾಯನಿಕದ ಖರ್ಚೂ ಉಳಿಯುತ್ತದೆ.

ನಿವೃತ್ತ ರಸಾಯನಜ್ಞ, ಮೈಸೂರು
ಏಪ್ರಿಲ್ 10, ಬೆಳಿಗ್ಗೆ 5:50

ಗಂಧಕಾಮ್ಲದ ಸಲಹೆಯನ್ನು ಯಾರೂ ಪಾಲಿಸಬಾರದೆಂದು ಕೈಮುಗಿದು ಕೇಳುತ್ತೇನೆ. ಗಂಧಕಾಮ್ಲ ಕ್ಯಾಲ್ಸಿಯಂ ಪೊರೆಯನ್ನು ಮುಟ್ಟಿದರೆ ಕ್ಯಾಲ್ಸಿಯಂ ಸಲ್ಫೇಟ್ ಹುಟ್ಟುತ್ತದೆ, ಅಂದರೆ ಜಿಪ್ಸಂ. ಅದು ಆಮ್ಲಕ್ಕೂ ಸುಲಭವಾಗಿ ಜಗ್ಗುವುದಿಲ್ಲ. ಇದ್ದ ಪೊರೆಯ ಮೇಲೆ ಇನ್ನೂ ಗಟ್ಟಿಯಾದ ಪೊರೆಯನ್ನು ನೀವೇ ಕಟ್ಟಿದಂತಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶಾಖವಿನಿಮಯಕ ಹೀಗೆಯೇ ಹಾಳಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೊನೆಗೆ ಕೊಳವೆಗಳನ್ನೇ ಬದಲಿಸಬೇಕಾಯಿತು. ಪಿಎಚ್ ಹೊಂದಿಸಲು ಸುತ್ತುವ ನೀರಿಗೆ ಸಣ್ಣ ಪ್ರಮಾಣದಲ್ಲಿ ಬಿಡುವುದು ಬೇರೆ, ಕಟ್ಟಿದ ಪೊರೆ ತೊಳೆಯುವುದು ಬೇರೆ. ಕಾಂತೀಯ ಸಾಧನದ ಬಗ್ಗೆ ನಾನು ವಾದಕ್ಕೆ ಇಳಿಯುವುದಿಲ್ಲ. ಆದರೆ ಏನು ಕಟ್ಟುತ್ತಿದೆ ಎಂದೇ ತಿಳಿಯದಿರುವಾಗ ಅದಕ್ಕೆ ಹಣ ಹಾಕುವುದು ತಪ್ಪು.

ಇನ್ನು ಮೂಲ ಪ್ರಶ್ನೆ. ಲ್ಯಾಂಜಲಿಯರ್ 1936ರಲ್ಲಿ ಈ ಸೂಚ್ಯಂಕವನ್ನು ಕೊಟ್ಟದ್ದು ಕ್ಯಾಲ್ಸಿಯಂ ಕಾರ್ಬೊನೇಟಿಗಾಗಿ. ರೈಜ್ನರ್ 1944ರಲ್ಲಿ ಅದನ್ನೇ ಬೇರೆ ರೀತಿಯಲ್ಲಿ ಬರೆದರು. ಪಿಎಚ್, ತಾಪ, ಕ್ಯಾಲ್ಸಿಯಂ, ಕ್ಷಾರೀಯತೆ, ಟಿಡಿಎಸ್ (ಕರಗಿದ ಒಟ್ಟು ಲವಣ) ಈ ಐದನ್ನು ಬಿಟ್ಟು ಅದಕ್ಕೆ ಮತ್ತೇನೂ ಗೊತ್ತಿಲ್ಲ. ಸಲ್ಫೇಟ್ ಎಷ್ಟಿದೆ, ಸಿಲಿಕಾ ಎಷ್ಟಿದೆ, ಫಾಸ್ಫೇಟ್ ಎಷ್ಟಿದೆ ಎಂದು ಅದು ಕೇಳುವುದೇ ಇಲ್ಲ. ಆದ್ದರಿಂದ ನಿಮ್ಮ ಪೂರೈಕೆದಾರರು ಸುಳ್ಳು ಹೇಳುತ್ತಿಲ್ಲ. ಅವರು ಒಂದೇ ಲವಣದ ಬಗ್ಗೆ ಸರಿಯಾದ ಉತ್ತರ ಕೊಡುತ್ತಿದ್ದಾರೆ.

ನನಗೆ ಬೇಕಾದದ್ದು ಇಷ್ಟು. ಟವರಿಗೆ ಸೇರಿಸುವ ನೀರು ಮತ್ತು ಸುತ್ತುವ ನೀರು, ಎರಡನ್ನೂ ಒಂದೇ ದಿನ ಒಂದೇ ಪ್ರಯೋಗಾಲಯಕ್ಕೆ ಕೊಡಿ. ಕ್ಲೋರೈಡ್, ಕ್ಯಾಲ್ಸಿಯಂ, ಮೆಗ್ನೀಷಿಯಂ, ಕ್ಷಾರೀಯತೆ, ಸಿಲಿಕಾ, ಫಾಸ್ಫೇಟ್, ಅಮೋನಿಯಾ ಎಲ್ಲವನ್ನೂ ಅಳೆಸಿ. ಟವರಿನಲ್ಲಿ ಆವಿಯಾಗುವುದು ನೀರು ಮಾತ್ರ, ಕರಗಿದ್ದೆಲ್ಲ ಉಳಿದು ಸಾಂದ್ರವಾಗುತ್ತದೆ. ಕ್ಲೋರೈಡ್ ಎಲ್ಲಿಯೂ ಪೊರೆಯಾಗಿ ಕೂರುವುದಿಲ್ಲ. ಅದು ಐದು ಪಟ್ಟು ಸಾಂದ್ರವಾಗಿದ್ದರೆ ನೀರಿನಲ್ಲಿರುವ ಎಲ್ಲವೂ ಐದು ಪಟ್ಟು ಆಗಿರಬೇಕು. ಯಾವುದು ಆಗಿಲ್ಲವೋ ಅದು ದಾರಿಯಲ್ಲಿ ಎಲ್ಲೋ ಇಳಿದುಹೋಗಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ನಮ್ಮ ವೃತ್ತಿಯಲ್ಲಿ ಆ ಪ್ರಮಾಣ ಸಿಗುವುದು ಈ ಹೋಲಿಕೆಯಲ್ಲಿ.

ವೈಟ್‌ಫೀಲ್ಡ್ ಶಿಫ್ಟ್ ಉಸ್ತುವಾರಿ
ಏಪ್ರಿಲ್ 14, ಸಂಜೆ 7:45

ನಾಲ್ಕು ದಿನ ತಡವಾಯಿತು, ಕ್ಷಮಿಸಿ. ಭಾನುವಾರ ಚಿಲ್ಲರ್ ಬಿಚ್ಚಿದೆವು.

ಮೊದಲು ಹುಬ್ಬಳ್ಳಿಯ ಮೇಡಂ ಹೇಳಿದಂತೆ ಹರಿವು ನೋಡಿದೆ. ಕಂಡೆನ್ಸರಿನ ಎರಡು ಕಡೆಯ ವ್ಯತ್ಯಾಸ 5 ಡಿಗ್ರಿ, ಜನವರಿಯಲ್ಲೂ ಅಷ್ಟೇ ಇತ್ತು. ಸ್ಟ್ರೈನರ್ ಸ್ವಚ್ಛ. ಕೊಳವೆಯೊಳಗೆ ಬೆರಳು ಹಾಕಿದರೆ ಬಿಳಿಯಲ್ಲ, ಬೂದಿ ಬಣ್ಣದ, ಸ್ವಲ್ಪ ಕಂದು ಛಾಯೆಯ ಪದರ. ಉಗುರಿನಿಂದ ಕೆರೆದರೆ ಪುಡಿಯಾಗಿ ಬರುತ್ತದೆ, ಚಕ್ಕೆಯಾಗಿ ಏಳುವುದಿಲ್ಲ. ಅದರ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟೆ. ಒಂದೆರಡು ಗುಳ್ಳೆ ಬಂದವು ಅಷ್ಟೇ. ನೊರೆಯಿಲ್ಲ. ಆದರೆ ಹತ್ತು ನಿಮಿಷ ಕಳೆದು ನೋಡಿದರೆ ಪುಡಿ ಹೆಚ್ಚೂಕಡಿಮೆ ಪೂರ್ತಿ ಕರಗಿತ್ತು, ತಳದಲ್ಲಿ ಸ್ವಲ್ಪ ಕೆಸರು ಉಳಿದಿತ್ತು. ಟವರಿನ ಪಟ್ಟಿಯದು ಹಾಗಿರಲಿಲ್ಲ. ನಿಜವಾಗಿಯೂ ಬೇರೆಯೇ ವಸ್ತು.

ನೀರಿನ ವರದಿಯೂ ಬಂತು. ಎಲ್ಲವೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಕ್ಯಾಲ್ಸಿಯಂ, ಮೆಗ್ನೀಷಿಯಂ ಮತ್ತು ಕ್ಷಾರೀಯತೆ ಅವಕ್ಕೆ ಸಮನಾದ ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕದಲ್ಲಿ.

ಎಸ್‌ಟಿಪಿಯಿಂದ ಬರುವ ನೀರು: ಪಿಎಚ್ 7.4, ಟಿಡಿಎಸ್ 720, ಕ್ಲೋರೈಡ್ 130, ಕ್ಯಾಲ್ಸಿಯಂ 120, ಮೆಗ್ನೀಷಿಯಂ 80, ಕ್ಷಾರೀಯತೆ 180, ಸಿಲಿಕಾ 22, ಫಾಸ್ಫೇಟ್ 18, ಅಮೋನಿಯಾ ಸಾರಜನಕ 6.

ಸುತ್ತುವ ನೀರು: ಪಿಎಚ್ 8.3, ಟಿಡಿಎಸ್ 3,400, ಕ್ಲೋರೈಡ್ 650, ಕ್ಯಾಲ್ಸಿಯಂ 470, ಮೆಗ್ನೀಷಿಯಂ 395, ಕ್ಷಾರೀಯತೆ 300, ಸಿಲಿಕಾ 110, ಫಾಸ್ಫೇಟ್ 20.

ಪಿಎಚ್ 8.3ರಲ್ಲಿ ನಿಲ್ಲಲು ಗಂಧಕಾಮ್ಲ ಡೋಸ್ ಆಗುತ್ತದೆ, ಆದ್ದರಿಂದ ಕ್ಷಾರೀಯತೆ ಇಳಿದಿರುವುದು ಸಹಜ ಎಂದುಕೊಂಡಿದ್ದೇನೆ. ತಪ್ಪಿದ್ದರೆ ತಿದ್ದಿ.

ರಸಾಯನ ಪಾಠ, ಹಾಸನ
ಏಪ್ರಿಲ್ 14, ರಾತ್ರಿ 10:10

ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಕೂಲಿಂಗ್ ಟವರನ್ನು ಹತ್ತಿರದಿಂದ ನೋಡಿದವಳಲ್ಲ. ಆದರೆ ಈ ಅಂಕಿಗಳನ್ನು ಓದಿ ಎದೆ ಬಡಿದುಕೊಂಡಿತು, ಅಷ್ಟು ಸ್ಪಷ್ಟವಾಗಿವೆ.

ಕ್ಲೋರೈಡ್ 130ರಿಂದ 650: ಐದು ಪಟ್ಟು. ಸಿಲಿಕಾ 22ರಿಂದ 110: ಐದು ಪಟ್ಟು. ಮೆಗ್ನೀಷಿಯಂ ಕೂಡ ಹೆಚ್ಚೂಕಡಿಮೆ ಐದು. ಹಾಗಾದರೆ ಸಿಲಿಕಾ ಅಪರಾಧಿಯಲ್ಲ. ಕ್ಯಾಲ್ಸಿಯಂ 600 ಇರಬೇಕಿತ್ತು, 470 ಇದೆ, 130 ಕಾಣೆಯಾಗಿದೆ. ಫಾಸ್ಫೇಟ್ 90 ಇರಬೇಕಿತ್ತು, 20 ಇದೆ, 70 ಕಾಣೆಯಾಗಿದೆ.

ಕಾಣೆಯಾದ ಇಬ್ಬರೂ ಕೈಹಿಡಿದು ಹೋದರೇ ಎಂದು ನೋಡೋಣ. ಫಾಸ್ಫೇಟಿನ ಅಣುತೂಕ 95, ಆದ್ದರಿಂದ 70 ಮಿಲಿಗ್ರಾಂ ಎಂದರೆ 0.74 ಮಿಲಿಮೋಲ್. ಕ್ಯಾಲ್ಸಿಯಂ ಕಾರ್ಬೊನೇಟಿನ ಅಣುತೂಕ 100, ಆದ್ದರಿಂದ 130 ಎಂದರೆ 1.3 ಮಿಲಿಮೋಲ್. ಅನುಪಾತ 1.76. ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ಐದು ಕ್ಯಾಲ್ಸಿಯಮಿಗೆ ಮೂರು ಫಾಸ್ಫೇಟ್, ಅಂದರೆ 1.67. ನಮ್ಮ ಹಲ್ಲು, ಮೂಳೆಗಳ ಮುಖ್ಯ ಖನಿಜವೂ ಇದೇ ಜಾತಿಯದು. ಆ ಫಾಸ್ಫೇಟಿನ ಜೊತೆ ಹೋಗಬೇಕಾದ ಕ್ಯಾಲ್ಸಿಯಂ ಕಳೆದರೆ ಉಳಿಯುವುದು ಬಹಳ ಸ್ವಲ್ಪ. ಅಷ್ಟು ಮಾತ್ರ ಕಾರ್ಬೊನೇಟ್ ಆಗಿರಬಹುದು. ನಿಮಗೆ ಕಂಡ ಒಂದೆರಡು ಗುಳ್ಳೆ ಅದೇ. ಅಳತೆಯಲ್ಲಿ ಸಣ್ಣಪುಟ್ಟ ದೋಷ ಇದ್ದೇ ಇರುತ್ತದೆ. ಆದರೆ ಆಮ್ಲದಲ್ಲಿ ನೊರೆಯಿಲ್ಲದೆ ಕರಗಿದ್ದೂ ಈ ಲೆಕ್ಕವೂ ಒಂದೇ ಕಡೆ ಬೆರಳು ತೋರಿಸುತ್ತಿವೆ.

ಇನ್ನೂ ಸಂಶಯವಿದ್ದರೆ ಪ್ರಯೋಗಾಲಯದವರಿಗೆ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅಮೋನಿಯಂ ಮಾಲಿಬ್ಡೇಟ್ ಸೇರಿಸಿ ಬೆಚ್ಚಗೆ ಮಾಡಲು ಹೇಳಿ. ಹಳದಿ ಒತ್ತರ (ದ್ರಾವಣದಿಂದ ಬೇರ್ಪಟ್ಟ ಪುಡಿ) ಬಂದರೆ ಫಾಸ್ಫೇಟ್. ನನ್ನ ವಿದ್ಯಾರ್ಥಿಗಳು ಪ್ರತಿವರ್ಷ ಲವಣ ವಿಶ್ಲೇಷಣೆಯಲ್ಲಿ ಮಾಡುವ ಪರೀಕ್ಷೆ. ನಾಳೆ ತರಗತಿಯಲ್ಲಿ ಈ ಅಂಕಿಗಳನ್ನೇ ಹಲಗೆಯ ಮೇಲೆ ಬರೆಯುತ್ತೇನೆ.

ಸೇಡಂ ಸುಣ್ಣಕಲ್ಲು
ಏಪ್ರಿಲ್ 15, ಬೆಳಿಗ್ಗೆ 6:30

ನಾನು ಮೊದಲೇ ಖಚಿತ ಎಂದು ಬರೆದದ್ದು ತಪ್ಪು. ನಮ್ಮ ಊರಿನ ನೀರಿಗೆ ಒಗ್ಗಿದ ಕಣ್ಣು ಎಲ್ಲ ಕಡೆಯೂ ಕಾರ್ಬೊನೇಟನ್ನೇ ಕಂಡಿತು. ಹಾಸನದ ಮೇಡಂ ಮಾಡಿದ ಲೆಕ್ಕವನ್ನು ನನ್ನ ಲಾಗ್ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ದೋಹಾದಿಂದ, ಉಡುಪಿಯವನು
ಏಪ್ರಿಲ್ 15, ಮಧ್ಯಾಹ್ನ 12:20

ಇಲ್ಲಿ ಕತಾರಿನಲ್ಲಿ ಡಿಸ್ಟ್ರಿಕ್ಟ್ ಕೂಲಿಂಗ್ ಸ್ಥಾವರಗಳಿಗೆ ಶುದ್ಧೀಕರಿಸಿದ ಒಳಚರಂಡಿ ನೀರನ್ನು ಬಳಸುವುದು ಸಾಮಾನ್ಯ. ಆದ್ದರಿಂದ ನಿಮ್ಮ ವರದಿಯಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಫಾಸ್ಫೇಟ್ 18 ಎಂಬಲ್ಲಿಗೆ. ನೀರಿನಲ್ಲಿ ಮಣ್ಣಿಲ್ಲ, ಪಾಚಿಯಿಲ್ಲ, ಗಾಜಿನಂತಿದೆ ಎಂದು ನಂಬುತ್ತೇವೆ. ಅಲ್ಟ್ರಾಫಿಲ್ಟ್ರೇಷನ್ ಎಂಬ ಸೂಕ್ಷ್ಮ ಸೋಸುಪರದೆ ಕೆಸರನ್ನೂ ಬ್ಯಾಕ್ಟೀರಿಯವನ್ನೂ ತಡೆಯುತ್ತದೆ. ಕರಗಿದ ಫಾಸ್ಫೇಟ್ ಅದರೊಳಗಿನಿಂದ ಸಲೀಸಾಗಿ ದಾಟುತ್ತದೆ.

ಇನ್ನೊಂದು ವಿಷಯ ಕೇಳಬೇಕು. ನಿಮ್ಮ ಪೊರೆನಿರೋಧಕದಲ್ಲಿ ಯಾವ ಫಾಸ್ಫೊನೇಟ್ ಇದೆ? ಸೂಕ್ಷ್ಮಜೀವಿ ಕೊಲ್ಲುವ ಕ್ಲೋರಿನ್ನಿಗಾಗಿ ಹೈಪೊಕ್ಲೋರೈಟ್ ದಿನಕ್ಕೆ ಎಷ್ಟು ಬಿಡುತ್ತೀರಿ? ಎಚ್‌ಇಡಿಪಿ, ಎಟಿಎಂಪಿಯಂಥ ಫಾಸ್ಫೊನೇಟ್‌ಗಳು ಕ್ಲೋರಿನ್ನಿಗೆ ಸಿಕ್ಕಿ ಒಡೆದರೆ ಕೊನೆಗೆ ಉಳಿಯುವುದೂ ಫಾಸ್ಫೇಟೇ. 10 ಮಿಲಿಗ್ರಾಂ ಎಚ್‌ಇಡಿಪಿ ಪೂರ್ತಿ ಒಡೆದರೆ ಸುಮಾರು 9 ಮಿಲಿಗ್ರಾಂ ಫಾಸ್ಫೇಟ್. ಪೊರೆ ತಡೆಯಲು ಹಾಕಿದ್ದೇ ಪೊರೆಗೆ ಮೇವಾಗುತ್ತದೆ.

ನಿಮ್ಮ ನೀರಿನಲ್ಲಿ ಅಮೋನಿಯಾ ಇದೆ. ಅದು ಕ್ಲೋರಿನ್ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಮುಕ್ತ ಕ್ಲೋರಿನ್ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ನಿರ್ವಾಹಕರು ಇನ್ನಷ್ಟು, ಮತ್ತಷ್ಟು ಹೈಪೊಕ್ಲೋರೈಟ್ ಬಿಡುತ್ತಾರೆ. ಇಲ್ಲಿ ಬಂದ ಮೊದಲ ವರ್ಷ ನಾನೂ ಅದನ್ನೇ ಮಾಡಿದ್ದೆ.

ವೈಟ್‌ಫೀಲ್ಡ್ ಶಿಫ್ಟ್ ಉಸ್ತುವಾರಿ
ಏಪ್ರಿಲ್ 15, ಸಂಜೆ 5:00

ಸರ್, ನೀವು ನಮ್ಮ ಪಂಪ್ ಕೋಣೆಯಲ್ಲಿ ನಿಂತು ಬರೆದಂತಿದೆ. ಡ್ರಮ್ಮಿನ ಮೇಲೆ ಎಚ್‌ಇಡಿಪಿ ಎಂದೇ ಇದೆ. ಮುಕ್ತ ಕ್ಲೋರಿನ್ ಬರುತ್ತಿಲ್ಲವೆಂದು ಫೆಬ್ರುವರಿಯಿಂದ ಹೈಪೊಕ್ಲೋರೈಟ್ ದುಪ್ಪಟ್ಟು ಮಾಡಿದ್ದೇವೆ.

ಎಸ್‌ಟಿಪಿ ನೋಡಿಕೊಳ್ಳುವವನು, ತುಮಕೂರು
ಏಪ್ರಿಲ್ 15, ರಾತ್ರಿ 8:35

ಈ ಚರ್ಚೆಯಲ್ಲಿ ನಮ್ಮ ಕಡೆಯಿಂದಲೂ ಒಂದು ಮಾತು. ಮನೆಗಳ ಚರಂಡಿ ನೀರಿಗೂ ಕಚೇರಿಯ ಚರಂಡಿ ನೀರಿಗೂ ಬಹಳ ವ್ಯತ್ಯಾಸವಿದೆ. ಮನೆಯಲ್ಲಿ ಸ್ನಾನ, ಬಟ್ಟೆ ಒಗೆತದ ನೀರು ಸೇರಿ ಎಲ್ಲವೂ ತೆಳುವಾಗುತ್ತದೆ. ಕಚೇರಿಯಲ್ಲಿ ಸ್ನಾನವಿಲ್ಲ, ಬಟ್ಟೆಯಿಲ್ಲ. ಬರುವುದು ಮುಖ್ಯವಾಗಿ ಶೌಚಾಲಯದ ನೀರು, ಜೊತೆಗೆ ಕ್ಯಾಂಟೀನಿನ ಪಾತ್ರೆ ತೊಳೆದ ನೀರು. ಮೂತ್ರದಲ್ಲಿ ಸಾರಜನಕವೂ ಫಾಸ್ಫೇಟೂ ಇವೆ. ಇಂಥ ನೀರಿನಲ್ಲಿ ಫಾಸ್ಫೇಟ್ 18 ನನಗೆ ಆಶ್ಚರ್ಯವಲ್ಲ.

ನನಗೆ ತಿಳಿಯಬೇಕಾದದ್ದು ಬೇರೆ: ಟವರಿನ ಬ್ಲೋಡೌನ್, ಅಂದರೆ ಉಪ್ಪು ಮಿತಿಮೀರದಂತೆ ಹೊರಬಿಡುವ ನೀರು, ಎಲ್ಲಿಗೆ ಹೋಗುತ್ತದೆ?

ವೈಟ್‌ಫೀಲ್ಡ್ ಶಿಫ್ಟ್ ಉಸ್ತುವಾರಿ
ಏಪ್ರಿಲ್ 15, ರಾತ್ರಿ 9:10

ಎಸ್‌ಟಿಪಿಯ ಸಂಗ್ರಹ ತೊಟ್ಟಿಗೆ. ಹೊರಗೆ ಒಂದು ಹನಿಯೂ ಹೋಗಬಾರದೆಂದು ಹಾಗೆ ಮಾಡಿದ್ದಾರೆ. ಶುದ್ಧೀಕರಿಸಿದ ನೀರಿನ ಟಿಡಿಎಸ್ ಕಳೆದ ವರ್ಷ 520 ಇದ್ದದ್ದು ಈಗ 720 ಆಗಿದೆ. ಈಗ ನೀವು ಕೇಳಿದ ಮೇಲೆ ಅದು ಏಕೆಂದು ಹೊಳೆಯಿತು.

ಎಸ್‌ಟಿಪಿ ನೋಡಿಕೊಳ್ಳುವವನು, ತುಮಕೂರು
ಏಪ್ರಿಲ್ 15, ರಾತ್ರಿ 9:40

ಅದೇ. ಎಸ್‌ಟಿಪಿಯ ಸೂಕ್ಷ್ಮಜೀವಿಗಳು ಕೊಳೆ ತಿನ್ನುತ್ತವೆ, ಉಪ್ಪು ತಿನ್ನುವುದಿಲ್ಲ. ಟವರ್ ನೀರನ್ನು ಆವಿಮಾಡಿ ಉಪ್ಪನ್ನು ಹಿಂದಕ್ಕೆ ಕಳುಹಿಸುತ್ತದೆ, ಎಸ್‌ಟಿಪಿ ಅದನ್ನೇ ಮತ್ತೆ ಟವರಿಗೆ ಕೊಡುತ್ತದೆ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಏರುತ್ತದೆ. ಸಾಫ್ಟನರ್ ಆರಂಭಿಸಿದರೆ ಅದರ ರೆಸಿನ್ ತೊಳೆದ ಉಪ್ಪುನೀರೂ ಇದೇ ತೊಟ್ಟಿಗೆ ಬರುತ್ತದೆ. ನೀರನ್ನು ಎಷ್ಟು ಸಲ ಬೇಕಾದರೂ ಮರುಬಳಸಿ, ಅದು ಒಳ್ಳೆಯ ಕೆಲಸ. ಆದರೆ ಉಪ್ಪಿಗೆ ಆವರಣದಿಂದ ಹೊರಗೆ ಹೋಗುವ ಒಂದು ದಾರಿ ಇರಲೇಬೇಕು.

ನಿವೃತ್ತ ರಸಾಯನಜ್ಞ, ಮೈಸೂರು
ಏಪ್ರಿಲ್ 16, ಬೆಳಿಗ್ಗೆ 6:00

ಎಲ್ಲರೂ ಸೇರಿ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಸಿದ್ದೀರಿ. ಪರಿಹಾರದ ಲೆಕ್ಕ ಬರೆಯುತ್ತೇನೆ.

ಆವಿಯಾಗುವ ನೀರು: ಸುತ್ತುವ ನೀರಿನ ಪ್ರಮಾಣವನ್ನು ತಾಪದ ವ್ಯತ್ಯಾಸದಿಂದಲೂ 0.00153ರಿಂದಲೂ ಗುಣಿಸಿದರೆ ಅಂದಾಜು ಸಿಗುತ್ತದೆ. 200 ಘನ ಮೀಟರ್, 5 ಡಿಗ್ರಿ, ಅಂದರೆ ಗಂಟೆಗೆ ಒಂದೂವರೆ ಘನ ಮೀಟರ್. ಐದು ಪಟ್ಟು ಸಾಂದ್ರತೆಯಲ್ಲಿ ಬ್ಲೋಡೌನ್ ಇದರ ನಾಲ್ಕನೇ ಒಂದು ಭಾಗ, 0.38. ಒಟ್ಟು ಸೇರಿಸುವ ನೀರು 1.9, ದಿನಕ್ಕೆ 23 ಘನ ಮೀಟರ್. ಇದರಲ್ಲಿ ದಿನಕ್ಕೆ 414 ಗ್ರಾಂ ಫಾಸ್ಫೇಟ್ ಒಳಗೆ ಬರುತ್ತದೆ, ಬ್ಲೋಡೌನಿನಲ್ಲಿ 92 ಗ್ರಾಂ ಹೊರಗೆ ಹೋಗುತ್ತದೆ. ಉಳಿದದ್ದು ಕ್ಯಾಲ್ಸಿಯಂ ಸೇರಿಸಿಕೊಂಡು ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚು ತೂಕದ ಪೊರೆಯಾಗುತ್ತದೆ. ಎಲ್ಲವೂ ಕಂಡೆನ್ಸರಿನಲ್ಲೇ ಕೂರುವುದಿಲ್ಲ. ತೊಟ್ಟಿಯ ತಳದ ಕೆಸರು, ಟವರಿನೊಳಗೆ ನೀರು ಹರಡಿ ಇಳಿಯುವ ಫಿಲ್ ಎಲ್ಲ ಕಡೆ ಹಂಚಿಹೋಗುತ್ತದೆ. ಆದರೂ ಮೂರು ತಿಂಗಳಲ್ಲಿ ಎಷ್ಟಾಯಿತೆಂದು ನೀವೇ ನೋಡಿ.

ಬ್ಲೋಡೌನ್ ಹೆಚ್ಚಿಸಿ ಮೂರು ಪಟ್ಟಿಗೆ ಇಳಿಸಿದರೆ ಸಾಕಲ್ಲವೇ ಎಂದು ಕೇಳಬಹುದು. ಆಗಲೂ ಫಾಸ್ಫೇಟ್ 54 ಆಗುತ್ತದೆ. ಪೊರೆಯ ಕಣಗಳು ಕೂರದಂತೆ ನೀರಿನಲ್ಲೇ ಚದುರಿಸಿಡುವ ಸಲ್ಫೊನೇಟೆಡ್ ಕೋಪಾಲಿಮರ್ ಎಂಬ ಒಳ್ಳೆಯ ಚದುರಕಗಳು ಬಂದಿವೆ, ಆದರೆ ಈ ಪಿಎಚ್‌ನಲ್ಲಿ ಅವುಗಳಿಂದ 10ರಿಂದ 15 ಮಿಲಿಗ್ರಾಂ ಫಾಸ್ಫೇಟನ್ನು ನಂಬಿಕೆಯಿಂದ ಹಿಡಿದಿಡಿಸಬಹುದೇ ಹೊರತು 54 ಅನ್ನಲ್ಲ. ಮೂರು ಪಟ್ಟಿಗೆ ಇಳಿದರೆ ದಿನಕ್ಕೆ ನಾಲ್ಕೂವರೆ ಸಾವಿರ ಲೀಟರ್ ನೀರೂ ಹೆಚ್ಚು ಹೋಗುತ್ತದೆ. ಬೇಸಿಗೆಯ ಬೆಂಗಳೂರಿನಲ್ಲಿ ಆ ನೀರನ್ನು ಚೆಲ್ಲಲು ನನಗೆ ಮನಸ್ಸಿಲ್ಲ.

ಆದ್ದರಿಂದ ಫಾಸ್ಫೇಟನ್ನು ಟವರಿಗೆ ಬರುವ ಮೊದಲೇ ಹಿಡಿಯಬೇಕು. ಎಸ್‌ಟಿಪಿಯಲ್ಲಿ ಗಾಳಿ ಊದುವ ತೊಟ್ಟಿ ದಾಟಿದ ಮೇಲೆ, ಕೆಸರು ಕೂರುವ ತೊಟ್ಟಿಗೆ ಮುನ್ನ ಆಲಂ ಹಾಕಿ. ಅಂದರೆ ಅಲ್ಯೂಮಿನಿಯಂ ಸಲ್ಫೇಟ್, ಮನೆಯಲ್ಲಿ ನೀರು ತಿಳಿಯಾಗಿಸುವ ಪಟಿಕದ ಜಾತಿಯದೇ. ಅಲ್ಯೂಮಿನಿಯಂ ಫಾಸ್ಫೇಟ್ ಕೆಸರಿನ ಜೊತೆ ತಳಕ್ಕೆ ಇಳಿಯುತ್ತದೆ. ಲೆಕ್ಕಕ್ಕೆ ಲೀಟರಿಗೆ 63 ಮಿಲಿಗ್ರಾಂ ಸಾಕು, ಆದರೆ ವಾಸ್ತವದಲ್ಲಿ ಒಂದೂವರೆಯಿಂದ ಎರಡು ಪಟ್ಟು ಬೇಕಾಗುತ್ತದೆ. 60, 100, 140ರಲ್ಲಿ ಜಾರ್ ಟೆಸ್ಟ್, ಅಂದರೆ ಸಣ್ಣ ಪಾತ್ರೆಗಳಲ್ಲಿ ಪ್ರಯೋಗ, ಮಾಡಿ ನಿರ್ಧರಿಸಿ. ಹೆಚ್ಚು ಸುರಿಯಬೇಡಿ, ಉಳಿದ ಅಲ್ಯೂಮಿನಿಯಂ ಟವರಿಗೆ ಬಂದರೆ ಅದು ಬೇರೆಯೇ ಪೊರೆ ಕಟ್ಟುತ್ತದೆ.

ಫಾಸ್ಫೇಟ್ 3ಕ್ಕೆ ಇಳಿದರೆ ನಾಲ್ಕು ಪಟ್ಟಿನಲ್ಲಿ 12 ಆಗುತ್ತದೆ. ಅಷ್ಟನ್ನು ಕೋಪಾಲಿಮರ್ ನೋಡಿಕೊಳ್ಳುತ್ತದೆ. ಎಚ್‌ಇಡಿಪಿ ಬದಲು ಕ್ಲೋರಿನ್ನಿಗೆ ಹೆಚ್ಚು ತಾಳುವ ಪಿಬಿಟಿಸಿ ಎಂಬ ಫಾಸ್ಫೊನೇಟ್ ಕೇಳಿ. ಬ್ಲೋಡೌನ್ ಎಸ್‌ಟಿಪಿಗೆ ಬೇಡ, ಅನುಮತಿ ಪಡೆದು ಒಳಚರಂಡಿಗೆ ಬಿಡಿ. ತೋಟಕ್ಕೂ ಬೇಡ, 3,400 ಟಿಡಿಎಸ್ ಗಿಡಗಳಿಗೆ ಒಳ್ಳೆಯದಲ್ಲ.

ಚಿಲ್ಲರ್ ಸರ್ವಿಸ್, ಹುಬ್ಬಳ್ಳಿ
ಏಪ್ರಿಲ್ 16, ಮಧ್ಯಾಹ್ನ 2:25

ತೊಳೆಯುವ ಬಗ್ಗೆ ನಾನು ಹೇಳುತ್ತೇನೆ, ಇಲ್ಲಿ ಅವಸರ ಮಾಡಿದವರು ಕೈ ಸುಟ್ಟುಕೊಂಡಿದ್ದಾರೆ. ಮೊದಲು ನೈಲಾನ್ ಬ್ರಷ್. ನಿಮ್ಮ ತಾಮ್ರದ ಕೊಳವೆಗಳಲ್ಲಿ ಒಳಗೆ ತಿರುಪಿನಂಥ ಗೆರೆಗಳಿರುತ್ತವೆ, ತಂತಿ ಬ್ರಷ್ ಅವುಗಳನ್ನು ಸವೆಸುತ್ತದೆ. ಪುಡಿಯಂಥ ಪೊರೆ ಎಂದಿರಿ, ಬ್ರಷ್ಷಿಗೇ ಬಹುಪಾಲು ಬರಬಹುದು. ಗೆರೆಗಳ ನಡುವೆ ಉಳಿದದ್ದಕ್ಕೆ ತಾಮ್ರಕ್ಕೆ ತಕ್ಕ ತುಕ್ಕುನಿರೋಧಕ ಬೆರೆಸಿದ 5 ಶೇಕಡಾ ಸಲ್ಫಾಮಿಕ್ ಆಮ್ಲ. ಟವರನ್ನು ವಾಲ್ವ್ ಹಾಕಿ ಬೇರ್ಪಡಿಸಿ, ಕಂಡೆನ್ಸರಿಗೆ ಮಾತ್ರ ಸಣ್ಣ ಪಂಪಿನಿಂದ ಸುತ್ತಿಸಿ. ಅರ್ಧ ಗಂಟೆಗೊಮ್ಮೆ ಆಮ್ಲದ ಬಲ ಅಳೆಯಿರಿ; ಇಳಿಯುವುದು ನಿಂತರೆ ಕೆಲಸ ಮುಗಿಯಿತು. ಕೊನೆಗೆ ಸೋಡಾ ಆ್ಯಶ್ ಹಾಕಿ ತಟಸ್ಥಗೊಳಿಸಿ ತೊಳೆಯಿರಿ.

ಒಂದು ಮಾತು ತಪ್ಪದೆ ಪಾಲಿಸಿ. ಆ ದಿನ ಹೈಪೊಕ್ಲೋರೈಟ್ ಪಂಪಿನ ವಿದ್ಯುತ್ತನ್ನೇ ತೆಗೆಯಿರಿ. ಆಮ್ಲವೂ ಹೈಪೊಕ್ಲೋರೈಟೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಪಂಪ್ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ.

ಆನೇಕಲ್ ಫಿಟ್ಟರ್
ಏಪ್ರಿಲ್ 16, ರಾತ್ರಿ 8:50

ಗಂಧಕಾಮ್ಲದ ಬಗ್ಗೆ ನಾನು ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಜಿಪ್ಸಂ ಆಗುವುದು ನನಗೆ ತಿಳಿದಿರಲಿಲ್ಲ. ಎರಡು ಕಡೆ ನಾನೇ ಹಾಗೆ ತೊಳೆಸಿದ್ದೇನೆ, ಈ ವಾರ ಆ ಎರಡೂ ಕಡೆ ಹೋಗಿ ಕೊಳವೆ ನೋಡುತ್ತೇನೆ. ಸರ್, ಮೇಡಂ, ಇಬ್ಬರಿಗೂ ಧನ್ಯವಾದ.

ವೈಟ್‌ಫೀಲ್ಡ್ ಶಿಫ್ಟ್ ಉಸ್ತುವಾರಿ
ಜೂನ್ 12, ರಾತ್ರಿ 10:30

ಎಲ್ಲರಿಗೂ ವರದಿ ಒಪ್ಪಿಸಬೇಕಿತ್ತು. ಮಾಲಿಬ್ಡೇಟ್ ಪರೀಕ್ಷೆಯಲ್ಲಿ ಗಾಢ ಹಳದಿ ಬಂತು. ಏಪ್ರಿಲ್ ಕೊನೆಯ ವಾರ ಕಂಡೆನ್ಸರ್ ತೊಳೆದೆವು. ಬ್ರಷ್ಷಿಗೇ ಎರಡು ಬಕೆಟ್ ಬೂದಿ ಕೆಸರು ಬಂತು. ಅಪ್ರೋಚ್ 1.7ಕ್ಕೆ ಇಳಿಯಿತು, ಇಂದೂ 1.8 ಇದೆ. ಮೇ ತಿಂಗಳ ಬಿಸಿಲಿನಲ್ಲೂ ಒಮ್ಮೆಯೂ ಯಂತ್ರ ನಿಲ್ಲಲಿಲ್ಲ.

ಜಾರ್ ಟೆಸ್ಟಿನಲ್ಲಿ 100 ಮಿಲಿಗ್ರಾಂ ಆಲಂಗೆ ಫಾಸ್ಫೇಟ್ 4.2ಕ್ಕೂ, 140ಕ್ಕೆ 2.6ಕ್ಕೂ ಇಳಿಯಿತು. 125ರಲ್ಲಿ ನಡೆಸುತ್ತಿದ್ದೇವೆ. ಬ್ಲೋಡೌನ್ ಈಗ ಒಳಚರಂಡಿಗೆ ಹೋಗುತ್ತದೆ. ಅದಕ್ಕೆ ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಹೊರಗೆ ಒಂದು ಹನಿಯೂ ಬಿಡುವುದಿಲ್ಲ ಎಂಬ ಫಲಕವನ್ನು ಪ್ರವೇಶದ್ವಾರದಲ್ಲೇ ಹಾಕಿದ್ದಾರೆ. ತುಮಕೂರಿನ ಸರ್ ಬರೆದ ಉಪ್ಪಿನ ಸುತ್ತನ್ನು ಚಿತ್ರ ಬರೆದು ತೋರಿಸಿದ ಮೇಲೆ ಒಪ್ಪಿದರು.

ನಿನ್ನೆಯ ಅಂಕಿಗಳು: ಕ್ಲೋರೈಡ್ 125ರಿಂದ 500, ನಾಲ್ಕು ಪಟ್ಟು. ಕ್ಯಾಲ್ಸಿಯಂ 122ರಿಂದ 480, 3.9 ಪಟ್ಟು. ಫಾಸ್ಫೇಟ್ 3.1ರಿಂದ 11.6, 3.7 ಪಟ್ಟು.

ರಸಾಯನ ಪಾಠ, ಹಾಸನ
ಜೂನ್ 13, ಬೆಳಿಗ್ಗೆ 7:20

ಕಾಣೆಯಾದವರು ಮನೆಗೆ ಮರಳಿದ್ದಾರೆ. ಓದಿ ತುಂಬ ಸಂತೋಷವಾಯಿತು.

ದೋಹಾದಿಂದ, ಉಡುಪಿಯವನು
ಜೂನ್ 13, ಮಧ್ಯಾಹ್ನ 1:05

ಅಭಿನಂದನೆ. ಆದರೆ ಅಮೋನಿಯಾ ಇನ್ನೂ ಇದೆಯಲ್ಲವೇ? ಆಲಂ ಅದನ್ನು ಮುಟ್ಟುವುದಿಲ್ಲ. ಪೊರೆಯಿಲ್ಲದ ತಾಮ್ರ ಈಗ ನೇರವಾಗಿ ನೀರಿಗೆ ತೆರೆದುಕೊಂಡಿದೆ, ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ತಾಮ್ರವನ್ನು ಕಾಯುವ ಟಾಲಿಲ್‌ಟ್ರೈಅಜೋಲ್ ಹಾಕುತ್ತಿದ್ದೀರಾ? ಸವೆತ ಅಳೆಯಲು ತಾಮ್ರದ ಕೂಪನ್, ಅಂದರೆ ತೂಗಿಟ್ಟ ಸಣ್ಣ ತುಂಡು, ನೀರಿನಲ್ಲಿ ಇಟ್ಟಿದ್ದೀರಾ?

ವೈಟ್‌ಫೀಲ್ಡ್ ಶಿಫ್ಟ್ ಉಸ್ತುವಾರಿ
ಜೂನ್ 13, ಸಂಜೆ 6:40

ಟಾಲಿಲ್‌ಟ್ರೈಅಜೋಲ್ ಮೇ 5ರಿಂದ ಹಾಕುತ್ತಿದ್ದೇವೆ. ಕೂಪನ್ ಇಟ್ಟಿರಲಿಲ್ಲ ಸರ್. ಇಂದೇ ತರಿಸಲು ಹೇಳಿದ್ದೇನೆ. ಎಸ್‌ಟಿಪಿಯವರ ಜೊತೆಯೂ ಕುಳಿತು ಗಾಳಿ ಊದುವ ಸಮಯ ಹೆಚ್ಚಿಸಿ ಅಮೋನಿಯಾ ಇಳಿಸಲು ಸಾಧ್ಯವೇ ಎಂದು ನೋಡುತ್ತಿದ್ದೇವೆ. 6 ಇದ್ದದ್ದು 4ಕ್ಕೆ ಬಂದಿದೆ. ಕೂಪನ್ ಇಟ್ಟು 30 ದಿನ ಕಳೆದ ಮೇಲೆ ತೂಕ ಮಾಡಿ ಇಲ್ಲಿಯೇ ಬರೆಯುತ್ತೇನೆ. ಲಾಗ್ ಪುಸ್ತಕದಲ್ಲಿ ಎಲ್‌ಎಸ್‌ಐ ಅಂಕಣದ ಪಕ್ಕ ಕ್ಲೋರೈಡ್ ಪಟ್ಟು, ಕ್ಯಾಲ್ಸಿಯಂ ಪಟ್ಟು, ಫಾಸ್ಫೇಟ್ ಪಟ್ಟು ಎಂದು ಮೂರು ಅಂಕಣ ಎಳೆದಿದ್ದೇವೆ. ಪ್ರತಿ ಸೋಮವಾರ ಬೆಳಗಿನ ಶಿಫ್ಟಿನವರು ತುಂಬುತ್ತಾರೆ.